ಗುಂಡಿ ಒತ್ತಿದರೆ ಗೋಡೆಯಾಚೆ ಗಂಟೆ: ಜಗದೀಶಚಂದ್ರ ಬೋಸರ 75 ಅಡಿಗಳ ಸಾಧನೆ

ಮಲಗುವ ಕೋಣೆಯ ಗೋಡೆಗೆ ಅಂಟಿಸಿದ, ಬಿಸ್ಕತ್ತಿನಷ್ಟೇ ಗಾತ್ರದ ಒಂದು ಗುಂಡಿ. ಅದಕ್ಕೆ ತಂತಿಯಿಲ್ಲ, ಪ್ಲಗ್ ಇಲ್ಲ. ಒಮ್ಮೆ ಒತ್ತಿದರೆ ನಡುಮನೆಯ ದೀಪ ಆರುತ್ತದೆ. ಎರಡು ಬಾರಿ ಒತ್ತಿದರೆ ಫ್ಯಾನ್ ನಿಲ್ಲುತ್ತದೆ. ಒತ್ತಿ ಹಿಡಿದರೆ ಸ್ನಾನದ ಮನೆಯ ಗೀಸರ್ ಕೆಲಸ ಆರಂಭಿಸುತ್ತದೆ. ನಗರಗಳ ಹೊಸ ಮನೆಗಳಲ್ಲಿ ಇಂಥ ನಿಸ್ತಂತು ಗುಂಡಿಗಳು ಈಗ ಅಪರೂಪವಲ್ಲ. ರಾತ್ರಿ ಎದ್ದು ಸ್ವಿಚ್ ಹುಡುಕಲಾಗದ ವೃದ್ಧರಿಗೆ, ಹಾಸಿಗೆ ಹಿಡಿದ ರೋಗಿಗಳಿಗೆ ಅವು ಆಸರೆಯೂ ಹೌದು.

ಇದನ್ನು ನಾವು ಹೊಸ ಶತಮಾನದ, ಹೊರದೇಶದ ಕೊಡುಗೆ ಎಂದು ಭಾವಿಸಿದ್ದೇವೆ. ಆದರೆ ಇಲ್ಲಿ ಕೀಲಿ ಒತ್ತಿದರೆ ಗೋಡೆಗಳಾಚೆ ಗಂಟೆ ಬಾರಿಸುವ ದೃಶ್ಯವನ್ನು ಕಲ್ಕತ್ತೆಯ ಜನ ಸುಮಾರು 130 ವರ್ಷಗಳ ಹಿಂದೆಯೇ ಕಣ್ಣಾರೆ ಕಂಡಿದ್ದರು. ಅದನ್ನು ತೋರಿಸಿದವರು ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಜಗದೀಶಚಂದ್ರ ಬೋಸ್. ಗಿಡಗಳಿಗೂ ನೋವಿದೆ ಎಂದು ತೋರಿಸಿದ ವಿಜ್ಞಾನಿ ಎಂದಷ್ಟೇ ನಮ್ಮ ಶಾಲಾ ಪಾಠಗಳಿಂದ ಪರಿಚಿತರಾದ ಬೋಸರ ಬದುಕಿನಲ್ಲಿ ಈ ಗಂಟೆಯ ಅಧ್ಯಾಯ ಚಿಕ್ಕದು. ಆದರೆ ಗೆಲುವು ಯಾವುದು, ಸೋಲು ಯಾವುದು ಎಂಬ ಪ್ರಶ್ನೆಯನ್ನು ಎತ್ತುವ ಅಧ್ಯಾಯವೂ ಅದೇ.

ಬೆಸ್ತರ ಮಗನ ಪಕ್ಕದಲ್ಲಿ

ಜಗದೀಶಚಂದ್ರರು ಜನಿಸಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಪೂರ್ವ ಬಂಗಾಳದಲ್ಲಿ. ಮನೆತನದ ಮೂಲ ಬಿಕ್ರಮಪುರದ ರಾಡಿಖಾಲ್ ಗ್ರಾಮ. ತಂದೆ ಭಗವಾನ್ ಚಂದ್ರರು ಫರೀದಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಬ್ರಹ್ಮಸಮಾಜದ ವಿಚಾರಗಳಿಗೆ ಒಲಿದವರು.

ಅಂಥ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ಅಂದಿನ ರೂಢಿ. ಭಗವಾನ್ ಚಂದ್ರರು ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಪರಭಾಷೆ ಕಲಿಯುವ ಮುನ್ನ ತಾಯ್ನುಡಿಯೂ ತನ್ನ ಜನರೂ ತಿಳಿದಿರಬೇಕೆಂಬುದು ಅವರ ನಿಲುವಾಗಿತ್ತು. ತರಗತಿಯಲ್ಲಿ ಬಾಲಕನ ಒಂದು ಬದಿಗೆ ತಂದೆಯ ಕಚೇರಿಯ ಮುಸ್ಲಿಂ ಜವಾನನ ಮಗ, ಇನ್ನೊಂದು ಬದಿಗೆ ಬೆಸ್ತರ ಮಗ. ನೀರಿನ ಜೀವಿಗಳ, ಹಕ್ಕಿಗಳ ಕಥೆಗಳನ್ನು ಈ ಗೆಳೆಯರಿಂದ ಕೇಳಿ ಬೆಳೆದದ್ದೇ ತನ್ನಲ್ಲಿ ಪ್ರಕೃತಿಯ ಕುತೂಹಲ ಹುಟ್ಟಿಸಿತೆಂದು ಬೋಸರು ಮುಂದೆ ನೆನೆದರು. ಅವರನ್ನು ಶಾಲೆಗೆ ಹೊತ್ತೊಯ್ಯುತ್ತಿದ್ದ ಸೇವಕನೋ ಒಬ್ಬ ಮಾಜಿ ಡಕಾಯಿತ. ತಾನೇ ಸೆರೆಗೆ ಕಳುಹಿಸಿದ್ದ ಆ ಮನುಷ್ಯನಿಗೆ ಬಿಡುಗಡೆಯ ನಂತರ ಬದುಕಲು ದಾರಿಯಿಲ್ಲವೆಂದು ಮ್ಯಾಜಿಸ್ಟ್ರೇಟರು ಮನೆಯಲ್ಲಿಯೇ ಕೆಲಸ ಕೊಟ್ಟಿದ್ದರು.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜು. ಅಲ್ಲಿ ಫಾದರ್ ಯೂಜೀನ್ ಲಾಫಾಂಟರ ಪ್ರಯೋಗಗಳು ತರುಣನಿಗೆ ಭೌತಶಾಸ್ತ್ರದ ರುಚಿ ಹತ್ತಿಸಿದವು. 1879ರಲ್ಲಿ ಪದವಿ ಕೈಗೆ ಬಂದಿತು. ಐಸಿಎಸ್ ಪರೀಕ್ಷೆ ಬರೆಯುವ ಮಗನ ಆಸೆಗೆ ತಂದೆ ಒಪ್ಪಲಿಲ್ಲ. ಆಳುವ ಕೆಲಸ ಬೇಡ, ವಿದ್ವಾಂಸನಾಗಲಿ ಎಂದರು. 1880ರಲ್ಲಿ ವೈದ್ಯಕೀಯ ಓದಲು ಲಂಡನ್ನಿಗೆ ತೆರಳಿದ ಜಗದೀಶರನ್ನು ಕಾಲಾ ಅಜಾರ್ ಜ್ವರ ಕಾಡಿತು. ಶವಚ್ಛೇದನದ ಕೋಣೆಯ ಗಾಳಿ ರೋಗವನ್ನು ಉಲ್ಬಣಗೊಳಿಸಿತು. ವೈದ್ಯಕೀಯವನ್ನು ಕೈಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿ ಪ್ರಕೃತಿ ವಿಜ್ಞಾನಗಳನ್ನು ಓದಿದರು. ಅಲ್ಲಿ ಗುರುಗಳಾಗಿ ದೊರೆತವರು ಲಾರ್ಡ್ ರೇಲಿ. 1884ರಲ್ಲಿ ಕೇಂಬ್ರಿಜ್ ಹಾಗೂ ಲಂಡನ್ ವಿಶ್ವವಿದ್ಯಾಲಯಗಳ ಪದವಿಗಳೆರಡನ್ನೂ ಪಡೆದರು.

ಸಂಬಳ ಮುಟ್ಟದ ಮೂರು ವರ್ಷ

1885ರಲ್ಲಿ ತಾಯ್ನಾಡಿಗೆ ಮರಳಿದ ಬೋಸರಿಗೆ ವೈಸ್‌ರಾಯ್ ಲಾರ್ಡ್ ರಿಪ್ಪನ್‌ರ ಶಿಫಾರಸ್ಸಿನ ಬಲವಿತ್ತು. ಆದರೂ ಭಾರತೀಯರಿಗೆ ನಿಖರ ವಿಜ್ಞಾನಗಳನ್ನು ಬೋಧಿಸುವ ಯೋಗ್ಯತೆ ಇಲ್ಲವೆಂಬ ಭಾವನೆ ಅಧಿಕಾರಿ ವರ್ಗದಲ್ಲಿ ಬೇರೂರಿತ್ತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಹಂಗಾಮಿ ಹುದ್ದೆ ದೊರೆತದ್ದೇ ಕಷ್ಟದಿಂದ. ಯುರೋಪಿಯನ್ ಪ್ರಾಧ್ಯಾಪಕರ ಸಂಬಳದ ಮೂರನೆಯ ಎರಡು ಭಾಗ ಮಾತ್ರ ಭಾರತೀಯರಿಗೆ. ಹಂಗಾಮಿಯಾದರೆ ಅದರಲ್ಲಿಯೂ ಅರ್ಧ. ಅಂದರೆ, ಅದೇ ಪಾಠಕ್ಕೆ ಮೂರನೆಯ ಒಂದು ಪಾಲು ಕೂಲಿ.

ಬೋಸರು ಮನವಿ ಪತ್ರ ಬರೆಯಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ತರಗತಿಗಳಿಗೆ ಒಂದು ದಿನವೂ ತಪ್ಪದೆ ಹೋದರು, ಸಂಬಳದ ಹಣವನ್ನು ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ಆ ವೇಳೆಗೆ ತಂದೆ ಸ್ವದೇಶಿ ಉದ್ಯಮಗಳಲ್ಲಿ ಹಣ ತೊಡಗಿಸಿ ಕೈಸುಟ್ಟುಕೊಂಡಿದ್ದರು. ಸಾಲದ ಹೊರೆ ಮಗನ ಹೆಗಲಿಗೂ ಬಂದಿತ್ತು. 1887ರಲ್ಲಿ ಕೈಹಿಡಿದ ಅಬಲಾ ದೇವಿಯವರು ಮದ್ರಾಸಿನಲ್ಲಿ ವೈದ್ಯಕೀಯ ಓದಿದ್ದ ವಿದ್ಯಾವಂತೆ. ಮುಂದೆ ಬಂಗಾಳದಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದು ಹೆಸರಾದವರು. ಬಡತನದ ಆ ಸಂಸಾರವನ್ನು ಅವರು ನಗುನಗುತ್ತಲೇ ತೂಗಿಸಿದರು.

ಕೊನೆಗೆ ಮಣಿದದ್ದು ಸರ್ಕಾರವೇ. ಹುದ್ದೆ ಕಾಯಂ ಆಯಿತು. ಪೂರ್ವಾನ್ವಯವಾಗುವಂತೆ ಮೂರು ವರ್ಷಗಳ ಪೂರ್ಣ ಸಂಬಳ ಒಮ್ಮೆಲೇ ಕೈಸೇರಿತು. ತಂದೆಯ ಸಾಲ ತೀರಿಸಲು ಅದು ಒದಗಿತು. ಹಣಕ್ಕೆ ಬೆಲೆ ಇಲ್ಲವೆಂದಲ್ಲ, ಮಾನಕ್ಕಿಂತ ಅದು ದೊಡ್ಡದಲ್ಲ ಎಂಬ ಈ ಮನೋಧರ್ಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ದೊಡ್ಡ ತೀರ್ಮಾನದಲ್ಲಿ ಕೆಲಸ ಮಾಡಿದ್ದು ಇದೇ.

ರೈಲ್ವೆ ವೇಳಾಪಟ್ಟಿಯೂ ಸೆಣಬಿನ ನಾರೂ

ಬೆಳಕು ಮತ್ತು ವಿದ್ಯುತ್ಕಾಂತೀಯ ಅಲೆಗಳು ಒಂದೇ ಜಾತಿಯವು ಎಂದು ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ್ದರು. ಜರ್ಮನಿಯ ಹೈನ್ರಿಕ್ ಹರ್ಟ್ಸ್ 1887-88ರ ಪ್ರಯೋಗಗಳಲ್ಲಿ ಆ ಅಲೆಗಳನ್ನು ಎಬ್ಬಿಸಿ ಸಾಬೀತುಪಡಿಸಿದರು. 1894ರ ಜನವರಿ 1ರಂದು ಹರ್ಟ್ಸ್ ಅಕಾಲಿಕವಾಗಿ ತೀರಿಕೊಂಡ ಮೇಲೆ ಇಂಗ್ಲೆಂಡಿನ ಆಲಿವರ್ ಲಾಜ್ ಅವರ ಸಾಧನೆಯ ಕುರಿತು ಉಪನ್ಯಾಸ ನೀಡಿದರು. ಅದರ ಮುದ್ರಿತ ಪ್ರತಿ ಬೋಸರ ಕೈಸೇರಿತು. ಅದೇ ವರ್ಷ, 36 ತುಂಬಿದ ಹುಟ್ಟುಹಬ್ಬದಂದು, ಇನ್ನು ಮುಂದಿನ ಬದುಕು ಸಂಶೋಧನೆಗೆ ಎಂದು ಅವರು ನಿಶ್ಚಯಿಸಿದರು.

ನಿಶ್ಚಯವೇನೋ ಆಯಿತು, ಪ್ರಯೋಗಾಲಯವೆಲ್ಲಿ? ಕಾಲೇಜಿನಲ್ಲಿ ಸ್ನಾನಗೃಹಕ್ಕೆ ಹೊಂದಿಕೊಂಡ 24 ಚದರ ಅಡಿಗಳ ಒಂದು ಮೂಲೆಯೇ ಪ್ರಯೋಗಾಲಯವಾಯಿತು. ಉಪಕರಣ ತಯಾರಿಸಲು ಸಹಾಯಕ್ಕಿದ್ದವನು ವಿಜ್ಞಾನದ ಗಂಧಗಾಳಿಯಿಲ್ಲದ ತಗಡಿನ ಕೆಲಸಗಾರ. ಖರ್ಚು ಬಹುಪಾಲು ಸ್ವಂತ ಜೇಬಿನದು. ದಿನವಿಡೀ ಪಾಠ, ಉಳಿದ ಹೊತ್ತು ಪ್ರಯೋಗ.

ಹರ್ಟ್ಸ್‌ರ ಅಲೆಗಳು ಉದ್ದವಾದವು. ಅವು ಬೆಳಕಿನಂತೆ ಪ್ರತಿಫಲಿಸುತ್ತವೆಯೇ, ಬಾಗುತ್ತವೆಯೇ ಎಂದು ನೋಡಲು ದೈತ್ಯಾಕಾರದ ಉಪಕರಣಗಳು ಬೇಕಾಗುತ್ತಿದ್ದವು. ಬೋಸರು ಅಲೆಗಳನ್ನೇ ಕುಗ್ಗಿಸಿದರು. ಸುಮಾರು 5 ಮಿಲಿಮೀಟರ್‌ನಿಂದ 25 ಮಿಲಿಮೀಟರ್ ಉದ್ದದ ಅಲೆಗಳನ್ನು ಎಬ್ಬಿಸಿ, ಇಡೀ ಪ್ರಯೋಗವನ್ನು ಒಂದು ಮೇಜಿನ ಮೇಲೆ ತಂದಿಟ್ಟರು. ಲೋಹದ ಪೆಟ್ಟಿಗೆಯೊಳಗೆ ಸುರುಳಿ ಮತ್ತು ವಿದ್ಯುತ್ ಕೋಶ, ಹೊರಗೆ ಒಂದು ಕೀಲಿ. ಕೀಲಿಯನ್ನು ಒಮ್ಮೆ ಒತ್ತಿದರೆ ಒಂದು ಕಿಡಿ, ಒಂದು ಮಿಂಚಿನಷ್ಟು ಅಲೆ. ಅಲೆಯನ್ನು ಸಾಗಿಸಲು ಪೊಳ್ಳು ಲೋಹದ ಕೊಳವೆ, ಹಿಡಿಯಲು ಕಹಳೆಯಾಕಾರದ ಬಾಯಿ. ಇಂದು ರೇಡಾರ್ ಎಂಜಿನಿಯರುಗಳು ಬಳಸುವ ತರಂಗ ಮಾರ್ಗದರ್ಶಿ ಮತ್ತು ಹಾರ್ನ್ ಆಂಟೆನಾಗಳ ಪೂರ್ವಜರು ಇವೇ.

ಸಾಮಗ್ರಿಗಳೋ, ಕೈಗೆ ಸಿಕ್ಕವು. ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಪುಟಗಳ ನಡುವೆ ತವರದ ಹಾಳೆ ಸೇರಿಸಿ, ಅಲೆಗಳ ಕಂಪನವನ್ನು ಒಂದೇ ದಿಕ್ಕಿಗೆ ಸೋಸುವ ಸಾಧನವನ್ನಾಗಿ ಮಾಡಿಕೊಂಡರು. ಬಂಗಾಳದ ಸೆಣಬಿನ ನಾರನ್ನು ಹುರಿಹೊಸೆದು, ಅದು ಆ ಕಂಪನದ ದಿಕ್ಕನ್ನು ತಿರುಗಿಸುತ್ತದೆಂದು ತೋರಿಸಿದರು. 1895ರ ಮೇ ತಿಂಗಳಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮುಂದೆ ಮೊದಲ ಪ್ರಬಂಧ ಮಂಡನೆಯಾಯಿತು. ಮರುವರ್ಷ ಲಂಡನ್ ವಿಶ್ವವಿದ್ಯಾಲಯ ಡಿ.ಎಸ್ಸಿ. ಪದವಿಯಿತ್ತು ಗೌರವಿಸಿತು.

ಗವರ್ನರರ ದೇಹವನ್ನೂ ದಾಟಿದ ಅಲೆ

ಸಾರ್ವಜನಿಕ ಪ್ರದರ್ಶನ ನಡೆದದ್ದು ಇದೇ ದಿನಗಳಲ್ಲಿ. ಕೀಲಿಯಿದ್ದ ಕೋಣೆಗೂ ಗಂಟೆಯಿದ್ದ ಕೋಣೆಗೂ 75 ಅಡಿಗಳ ಅಂತರ. ನಡುವೆ ಗಟ್ಟಿ ಗೋಡೆಗಳು, ಜೊತೆಗೆ ಸಭೆಯಲ್ಲಿ ಕುಳಿತಿದ್ದ ಬಂಗಾಳದ ಲೆಫ್ಟಿನೆಂಟ್ ಗವರ್ನರರ ಸ್ಥೂಲಕಾಯ. ಬೋಸರು ಕೀಲಿ ಒತ್ತಿದರು. ಅತ್ತ ಗಂಟೆ ಬಾರಿಸಿತು, ಪಿಸ್ತೂಲು ಸಿಡಿಯಿತು, ಪುಟ್ಟದೊಂದು ಮದ್ದಿನ ರಾಶಿ ಹೊತ್ತಿ ಉರಿಯಿತು.

ಇದರ ಗುಟ್ಟು ತಿಳಿದರೆ ಇಂದಿನ ಮನೆಯ ಗುಂಡಿಯ ಗುಟ್ಟೂ ತಿಳಿದಂತೆ. ಗಾಳಿಯಲ್ಲಿ ಸಾಗಿದ ಅಲೆಗೆ ಗಂಟೆ ಬಾರಿಸುವ ತ್ರಾಣವಿರಲಿಲ್ಲ. ಗಂಟೆಯ ಪಕ್ಕದಲ್ಲಿಯೇ ಒಂದು ಬ್ಯಾಟರಿ ಇತ್ತು. ಬ್ಯಾಟರಿಗೂ ಗಂಟೆಗೂ ನಡುವೆ ಕಾವಲುಗಾರನಂತೆ ಕೊಹೆರರ್ ಎಂಬ ಗ್ರಾಹಕ. ಲೋಹದ ಬಿಂದುಗಳು ಒಂದನ್ನೊಂದು ಸಡಿಲವಾಗಿ ಮುಟ್ಟಿಕೊಂಡಿರುವ ಈ ಸಾಧನ ಸಾಮಾನ್ಯವಾಗಿ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ಅಲೆ ಬಡಿದ ಕ್ಷಣದಲ್ಲಿ ಅದರ ಪ್ರತಿರೋಧ ಕುಸಿಯುತ್ತದೆ, ವಿದ್ಯುತ್ ಹರಿಯುತ್ತದೆ, ರಿಲೇ ಮುಚ್ಚುತ್ತದೆ. ಗಂಟೆ ಬಾರಿಸುವುದು ಅಲ್ಲಿನ ಬ್ಯಾಟರಿಯ ಬಲದಿಂದಲೇ. ಅಲೆ ತರುವುದು ಅಪ್ಪಣೆಯನ್ನು ಮಾತ್ರ.

ಇಂದಿನ ನಿಸ್ತಂತು ಗುಂಡಿಯಲ್ಲಿಯೂ ಇಷ್ಟೇ. ಗೀಸರಿಗೆ ಬೇಕಾದ ವಿದ್ಯುತ್ತನ್ನು ಗುಂಡಿ ಕಳುಹಿಸುವುದಿಲ್ಲ. ಆ ವಿದ್ಯುತ್ ಗೀಸರಿನ ಬಳಿಯೇ ಕಾದಿರುತ್ತದೆ, ಗುಂಡಿಯಿಂದ ಹೊರಡುವ ಕ್ಷೀಣ ಸಂಕೇತ ಅಲ್ಲಿನ ರಿಲೇಯನ್ನು ಎಚ್ಚರಿಸುತ್ತದೆ. ಆದ್ದರಿಂದಲೇ ನಾಣ್ಯದಷ್ಟು ಚಿಕ್ಕ ಬ್ಯಾಟರಿಯಿಂದ ಅದು ತಿಂಗಳುಗಟ್ಟಲೆ ಕೆಲಸ ಮಾಡಬಲ್ಲದು. ಬ್ಯಾಟರಿಯೇ ಇಲ್ಲದೆ, ಒತ್ತುವ ಬೆರಳಿನ ಬಲವನ್ನೇ ವಿದ್ಯುತ್ತಾಗಿಸಿಕೊಂಡು ಸಂಕೇತ ಕಳುಹಿಸುವ ಗುಂಡಿಗಳೂ ಬಂದಿವೆ. ಕಾಲ ತಂದ ದೊಡ್ಡ ಬದಲಾವಣೆಯೆಂದರೆ ವಿವೇಚನೆ. ಕಲ್ಕತ್ತೆಯ ಗ್ರಾಹಕ ಯಾವ ಅಲೆ ಬಡಿದರೂ ಓಗೊಡುತ್ತಿತ್ತು. ಇಂದಿನದು ತನ್ನ ಗುಂಡಿಯ ಗುರುತಿನ ಸಂಖ್ಯೆಯನ್ನು ಪರಿಶೀಲಿಸಿಯೇ ಮಿಸುಕುತ್ತದೆ. ಇಲ್ಲವಾದರೆ ಪಕ್ಕದ ಮನೆಯವರು ಗುಂಡಿ ಒತ್ತಿದಾಗ ನಮ್ಮ ಮನೆಯ ದೀಪ ಆರುತ್ತಿತ್ತು.

ತಂತಿಯಿಲ್ಲದೆ ಯಂತ್ರಗಳನ್ನು ಆಳುವ ಕನಸು ಕಂಡವರು ಬೋಸರೊಬ್ಬರೇ ಅಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ನಿಸ್ತಂತು ಅಲೆಗಳಿಂದ ನಡೆಸಿ ತೋರಿಸಿದರು. ಆದರೆ ಕಲ್ಕತ್ತೆಯ ಗಂಟೆ ಆ ದೋಣಿಗಿಂತ ಹಿಂದಿನದು.

ಕೈಬಿಟ್ಟ ಹಕ್ಕು

1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಶುಕ್ರವಾರದ ಉಪನ್ಯಾಸಕ್ಕೆ ಬೋಸರಿಗೆ ಆಹ್ವಾನ ಬಂದಿತು. ತಾವು ಕಟ್ಟಿದ ಉಪಕರಣಗಳ ಒಳಗುಟ್ಟನ್ನು ಅವರು ಎಲ್ಲಿಯೂ ಮುಚ್ಚಿಡಲಿಲ್ಲ. ಲಾರ್ಡ್ ಕೆಲ್ವಿನ್‌ರಂಥವರು ಮೆಚ್ಚಿದರು. ಅದೇ ಹೊತ್ತಿಗೆ ಇಟಲಿಯ ಯುವಕ ಗುಲಿಯೆಲ್ಮೊ ಮಾರ್ಕೋನಿ ಇಂಗ್ಲೆಂಡಿಗೆ ಬಂದು ನಿಸ್ತಂತು ತಂತಿಸಂದೇಶದ ಸ್ವಾಮ್ಯ ಹಕ್ಕಿಗೆ ಅರ್ಜಿ ಹಾಕಿ, ಅಂಚೆ ಇಲಾಖೆಯ ಬೆಂಬಲದೊಂದಿಗೆ ಮೈಲಿಗಳ ಲೆಕ್ಕದಲ್ಲಿ ಪ್ರಯೋಗ ನಡೆಸುತ್ತಿದ್ದರು.

1901ರಲ್ಲಿ ಬೋಸರು ಮತ್ತೆ ಲಂಡನ್ನಿನಲ್ಲಿದ್ದಾಗ, ಹೆಸರಾಂತ ತಂತಿ ಕಂಪನಿಯೊಂದರ ಮಾಲೀಕರು ಪೇಟೆಂಟ್ ಅರ್ಜಿಯನ್ನು ಕೈಯಲ್ಲಿ ಹಿಡಿದೇ ಅವರ ಬಳಿಗೆ ಬಂದರು. ಗ್ರಾಹಕದ ವಿವರಗಳನ್ನು ಉಪನ್ಯಾಸದಲ್ಲಿ ಬಹಿರಂಗಪಡಿಸಬೇಡಿ, ಲಾಭದಲ್ಲಿ ಪಾಲು ಕೊಡುತ್ತೇವೆ, ಬಂಡವಾಳ ನಮ್ಮದೇ ಎಂಬುದು ಅವರ ಬೇಡಿಕೆ. ಬೋಸರು ನಿರಾಕರಿಸಿದರು. ಆ ಹಣದ ಹಸಿವು ತನ್ನ ಮನಸ್ಸಿಗೆ ಎಷ್ಟು ಹೇಸಿಗೆ ತಂದಿತೆಂಬುದನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದಲ್ಲಿ ತೋಡಿಕೊಂಡರು. ಒಮ್ಮೆ ಆ ಬಲೆಯೊಳಗೆ ಕಾಲಿಟ್ಟರೆ ಹೊರಬರುವುದಿಲ್ಲವೆಂಬ ಭಯ ಅವರಿಗಿತ್ತು.

ಆದರೂ ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಬಿಡಲಿಲ್ಲ. ಅವರ ಒತ್ತಾಯದಿಂದ ಅದೇ ವರ್ಷ ಅಮೆರಿಕದಲ್ಲಿ ಅರ್ಜಿ ಸಲ್ಲಿಕೆಯಾಗಿ, 1904ರ ಮಾರ್ಚ್ 29ರಂದು ಗೆಲೀನಾ ಹರಳಿನ ಗ್ರಾಹಕಕ್ಕೆ ಪೇಟೆಂಟ್ ದೊರೆಯಿತು. ಅದರಿಂದ ಹಣ ಗಳಿಸುವ ಗೋಜಿಗೆ ಬೋಸರು ಹೋಗಲೇ ಇಲ್ಲ. ಅರೆವಾಹಕ ಹರಳಿನಿಂದ ರೇಡಿಯೋ ಅಲೆ ಹಿಡಿದ ಮೊದಲಿಗರು ಇವರೇ ಎಂದು 1955ರ ಲೇಖನವೊಂದರಲ್ಲಿ ಗುರುತಿಸಿದವರಲ್ಲಿ ಒಬ್ಬರು ಟ್ರಾನ್ಸಿಸ್ಟರ್ ಜನಕರಲ್ಲೊಬ್ಬರಾದ ವಾಲ್ಟರ್ ಬ್ರಾಟೈನ್.

1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಯಿಂದ ಸಂಕೇತ ಪಡೆದಾಗ ಬಳಸಿದ್ದು ಪಾದರಸದ ಗ್ರಾಹಕ. ಇಟಲಿಯ ನೌಕಾಪಡೆಯದೆಂದು ಅದನ್ನು ಕರೆಯಲಾಗಿತ್ತು. ಕಬ್ಬಿಣ ಮತ್ತು ಪಾದರಸದ ಅಂಥದೇ ಸಾಧನವನ್ನು ಬೋಸರು 1899ರಲ್ಲಿಯೇ ರಾಯಲ್ ಸೊಸೈಟಿಯ ಪ್ರಬಂಧದಲ್ಲಿ ವಿವರಿಸಿದ್ದರು. ಆ ಗ್ರಾಹಕದ ಮೂಲ ಬೋಸರದೇ ಎಂದು ವಾದಿಸುವ ವಿಸ್ತೃತ ಪ್ರಬಂಧವೊಂದು 1998ರಲ್ಲಿ ಐಇಇಇ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1909ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು ಮಾರ್ಕೋನಿ ಮತ್ತು ಜರ್ಮನಿಯ ಫರ್ಡಿನಾಂಡ್ ಬ್ರೌನ್.

ಸೋಲೋ, ಅವಸರದ ಗೆಲುವೋ?

ಹಾಗಾದರೆ ಬೋಸರಿಂದ ರೇಡಿಯೋವನ್ನು ಕದಿಯಲಾಯಿತೇ? ಅಭಿಮಾನದಿಂದ ಹಾಗೆಂದು ಬಿಡುವುದು ಸುಲಭ. ಆದರೆ ಸತ್ಯ ಅಷ್ಟು ಸರಳವಲ್ಲ. ರೇಡಿಯೋ ಒಬ್ಬರ ಸೃಷ್ಟಿಯಲ್ಲ. ಹರ್ಟ್ಸ್, ಬ್ರಾನ್ಲಿ, ಲಾಜ್, ಪೊಪೋವ್, ಬೋಸ್, ಮಾರ್ಕೋನಿ ಎಲ್ಲರ ಕೈಯೂ ಅದರಲ್ಲಿದೆ. ಸಂದೇಶವನ್ನು ದೂರ ಕಳುಹಿಸುವ ಉದ್ಯಮವನ್ನು ಕಟ್ಟಿದವರು ನಿಸ್ಸಂದೇಹವಾಗಿ ಮಾರ್ಕೋನಿ. ಬೋಸರೂ ತಮ್ಮ ಮನೆಯ ಮಾಳಿಗೆಗೂ ಕಾಲೇಜಿಗೂ ನಡುವೆ, ಒಂದು ಮೈಲಿ ದೂರಕ್ಕೆ ಸಂಕೇತ ಕಳುಹಿಸುವ ಯೋಜನೆ ಹಾಕಿದ್ದರು. ವಿಲಾಯಿತಿಗೆ ಹೊರಡುವ ಗಡಿಬಿಡಿಯಲ್ಲಿ ಅದು ಹಾಗೆಯೇ ಉಳಿಯಿತು. ಅವರ ಮನಸ್ಸಿದ್ದದ್ದು ಅಲೆಯ ಸ್ವಭಾವದಲ್ಲಿ, ವ್ಯಾಪಾರದಲ್ಲಲ್ಲ.

ಭೌತಶಾಸ್ತ್ರವೂ ಅವರ ಪರವಾಗಿರಲಿಲ್ಲ. ಅವರ ಪ್ರೀತಿಯ ಪುಟ್ಟ ಅಲೆಗಳು ನೇರ ಸಾಗುತ್ತವೆ, ಅಡ್ಡಬಂದದ್ದಕ್ಕೆ ಸುಲಭವಾಗಿ ತಡೆಯುತ್ತವೆ. ಭೂಮಿಯ ಉಬ್ಬನ್ನು ಬಳಸಿ ಸಾಗರ ದಾಟುವುದು ಉದ್ದನೆಯ ಅಲೆಗಳಿಗೆ ಮಾತ್ರ ಸಾಧ್ಯ. ಹಡಗುಗಳನ್ನೂ ವಸಾಹತುಗಳನ್ನೂ ಬೆಸೆಯಬೇಕಿದ್ದ ಸಾಮ್ರಾಜ್ಯಕ್ಕೆ ಬೇಕಿದ್ದದ್ದು ಸಾವಿರಾರು ಮೈಲಿಗಳ ಅಲೆ. 75 ಅಡಿಗಳ ಅಲೆಯನ್ನು ಕಟ್ಟಿಕೊಂಡು ಅದು ಏನು ಮಾಡೀತು? ಬೋಸರ ಉಪಕರಣಗಳು ಅರ್ಧ ಶತಮಾನ ಗಾಜಿನ ಕಪಾಟುಗಳಲ್ಲಿ ಮಲಗಿದವು.

75 ಅಡಿ ಸಮುದ್ರಕ್ಕೆ ಸಾಲದು. ಒಂದು ಮನೆಗೆ ಮಾತ್ರ ಅದೇ ಸರಿಯಾದ ಅಳತೆ. ಇಂದಿನ ನಿಸ್ತಂತು ಗುಂಡಿಗಳು ಹೆಚ್ಚಾಗಿ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಅದು ಮನೆಯೊಳಗೆ ಒಂದೆರಡು ಗೋಡೆ ದಾಟಿದರೆ ಸಾಕು, ಊರು ದಾಟುವುದು ಬೇಕಿಲ್ಲ. ಬೋಸರ 5 ಮಿಲಿಮೀಟರ್ ಅಲೆಯಂತೂ 60 ಗಿಗಾಹರ್ಟ್ಸ್ ಹೆಸರಿನಲ್ಲಿ ಮನೆಯೊಳಗೇ ಬಂದಿದೆ. ಕೋಣೆಯಲ್ಲಿ ಅಲುಗಾಡದೆ ಕುಳಿತವರ ಉಸಿರಾಟವನ್ನೂ ಗುರುತಿಸಿ, ದೀಪ ಆರದಂತೆ ನೋಡಿಕೊಳ್ಳುವ ಪುಟ್ಟ ರೇಡಾರುಗಳು ಈ ಅಲೆಯನ್ನೇ ಬಳಸುತ್ತವೆ. ಅಲ್ಲಿ ಗುಂಡಿ ಒತ್ತುವ ಕೆಲಸವೂ ಇಲ್ಲ.

ಗಿಡಗಳ ಕಡೆಗೆ

ತಮ್ಮ ಗ್ರಾಹಕಗಳು ಸತತ ಬಳಕೆಯಿಂದ ದಣಿಯುತ್ತವೆ, ವಿಶ್ರಾಂತಿ ಕೊಟ್ಟರೆ ಚೇತರಿಸುತ್ತವೆ ಎಂಬುದನ್ನು ಗಮನಿಸಿದ ಬೋಸರು ಜಡಕ್ಕೂ ಜೀವಕ್ಕೂ ನಡುವಣ ಗೆರೆಯನ್ನೇ ಪ್ರಶ್ನಿಸತೊಡಗಿದರು. ಅಲ್ಲಿಂದ ಅವರ ದಾರಿ ಸಸ್ಯಗಳತ್ತ ಹೊರಳಿತು. 1901ರಲ್ಲಿ ರಾಯಲ್ ಸೊಸೈಟಿಯ ಶರೀರಶಾಸ್ತ್ರಜ್ಞರು ಅವರ ವಾದವನ್ನು ಬಲವಾಗಿ ವಿರೋಧಿಸಿದರು. ಅವರು ಹಿಂಜರಿಯಲಿಲ್ಲ. ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೊಗ್ರಾಫ್ ಯಂತ್ರವನ್ನು ನಿರ್ಮಿಸಿದರು. ಅವರ ಕೆಲವು ನಿರ್ಣಯಗಳನ್ನು ನಂತರದ ವಿಜ್ಞಾನ ಒಪ್ಪಲಿಲ್ಲ. ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆಂಬ ಮುಖ್ಯ ಕಾಣ್ಕೆ ನಿಂತಿದೆ.

1917ರಲ್ಲಿ ನೈಟ್ ಪದವಿ ಬಂದಿತು. ಅದೇ ವರ್ಷದ ನವೆಂಬರ್ 30ರಂದು, ತಮ್ಮ 59ನೆಯ ಹುಟ್ಟುಹಬ್ಬದಂದು, ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ದೇಶಕ್ಕೆ ಅರ್ಪಿಸಿದರು. ಇಲ್ಲಿನ ಶೋಧನೆಗಳು ಎಲ್ಲರ ಸೊತ್ತು, ಪೇಟೆಂಟ್ ಪಡೆಯುವಂತಿಲ್ಲ ಎಂದು ಅಂದೇ ಸಾರಿದರು. ಸಂಬಳ ಮುಟ್ಟದ ತರುಣ ಅಧ್ಯಾಪಕನ ಹಟವೇ ಈಗ ಒಂದು ಸಂಸ್ಥೆಯ ಧ್ಯೇಯವಾಗಿತ್ತು. 1920ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

1937ರ ನವೆಂಬರ್ 23ರಂದು, 79 ತುಂಬಲು ಒಂದು ವಾರವಿರುವಾಗ, ಇಂದಿನ ಜಾರ್ಖಂಡ್‌ನ ಗಿರಿಡೀಹ್‌ನಲ್ಲಿ ಬೋಸರು ನಿಧನರಾದರು. 2012ರಲ್ಲಿ ಐಇಇಇ ಸಂಸ್ಥೆ ಅವರ ಮಿಲಿಮೀಟರ್ ಅಲೆಗಳ ಪ್ರಯೋಗವನ್ನು ಎಂಜಿನಿಯರಿಂಗ್ ಚರಿತ್ರೆಯ ಮೈಲಿಗಲ್ಲೆಂದು ಘೋಷಿಸಿ ಪ್ರೆಸಿಡೆನ್ಸಿಯಲ್ಲಿ ಫಲಕವಿರಿಸಿತು.

ಇಂದು ಅಂಗಡಿಯಲ್ಲಿ ದೊರೆಯುವ ನಿಸ್ತಂತು ಗುಂಡಿಯ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿರುತ್ತದೆ, ಬೋಸರ ಹೆಸರಿರುವುದಿಲ್ಲ. ಅವರು ಅದನ್ನು ಬಯಸಿದವರೂ ಅಲ್ಲ. ಆದರೆ ಮುಂದಿನ ಬಾರಿ ಗೋಡೆಯಾಚೆಯ ದೀಪ ಬೆರಳ ತುದಿಯ ಮಾತು ಕೇಳಿದಾಗ, ಅದರ ಮೊದಲ ಪಾಠ ನಡೆದದ್ದು ಕಲ್ಕತ್ತೆಯ 24 ಚದರ ಅಡಿಗಳ ಮೂಲೆಯಲ್ಲಿ ಎಂಬುದು ನಮ್ಮ ಮಕ್ಕಳಿಗಾದರೂ ತಿಳಿದಿರಲಿ.